ಅರ್ಧಕ್ಕೆ ನಿಂತ ಸಭೆ

"ಟಣ್!"

ಅವಳ ಮಾತು ನಡುವೆಯೇ ತುಂಡಾಯಿತು.

ಗಂಟೆ ಬಾರಿಸಿದವನು ಉದ್ದನೆಯ ಮೇಜಿನ ಆ ತುದಿಯಲ್ಲಿ ನಿಂತಿದ್ದ. ತೋಳು ಮಡಚಿದ ಅಂಗಿ, ಕೈಯಲ್ಲೊಂದು ಪುಟ್ಟ ಹಿತ್ತಾಳೆ ಗಂಟೆ, ಮುಖದಲ್ಲಿ ಯಾರ ಮೇಲೂ ಸಿಟ್ಟಿಲ್ಲದ ಒಂದು ನಗು. ಆ ನಗುವೇ ಅವಳ ಮೈಯುರಿಸಿತು.

"ಕ್ಷಮಿಸಿ ಮೇಡಂ. ಈಗ ಬರೆಯೋ ಹೊತ್ತು. ಮಾತಿಗೆ ಆಮೇಲೆ ಸಮಯ ಇದೆ."

"ಏನ್ರೀ ಇದು? ನಾವೇನು ಮೂರನೇ ಕ್ಲಾಸಿನ ಮಕ್ಕಳಾ?"

"ಅವರಾಗಿದ್ರೆ ಗಂಟೆ ಹೊಡೆದ ತಕ್ಷಣ ಸುಮ್ಮನಾಗ್ತಿದ್ರು ಮೇಡಂ."

ಸುತ್ತ ಕೂತವರು ಕಿಸಕ್ಕನೆ ನಕ್ಕರು. ಅವಳ ಕಿವಿ ಕೆಂಪಾಯಿತು.

‘ಎಷ್ಟು ಕೊಬ್ಬು ಇವನಿಗೆ! ಕಾಲಿಟ್ಟ ದಿನವೇ ಎಲ್ಲರ ಮುಂದೆ ನನ್ನ ಬಾಯಿ ಮುಚ್ಚಿಸ್ತಾನಲ್ಲ...’

ಅವಳ ಬಾಯಿ ಮುಚ್ಚಿಸುವುದು ಸುಲಭದ ಕೆಲಸವಾಗಿರಲಿಲ್ಲ. ಸಭೆ ನಡೆಯುತ್ತಿದ್ದದ್ದು ಕೃತಕ ಕಾಲುಗಳನ್ನು ಮಾಡಿಕೊಡುವ ಸಂಸ್ಥೆಯಲ್ಲಿ. ಅಲ್ಲಿ ಮಕ್ಕಳ ವಿಭಾಗ ಅವಳದು. ಹುಟ್ಟಿನಿಂದಲೋ ಅಪಘಾತದಿಂದಲೋ ಕಾಲು ಕಳೆದುಕೊಂಡ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಉಳಿದ ಕಾಲಿನ ತುದಿಗೆ ಒದ್ದೆ ಪ್ಲಾಸ್ಟರ್ ಸುತ್ತಿ, ಅಚ್ಚು ತೆಗೆದು, ಆ ಮಗುವಿಗೇ ಹೊಂದುವ ಕಾಲು ಮಾಡುತ್ತಿದ್ದಳು. ಮಕ್ಕಳು ಅವಳನ್ನು ‘ಕಾಲಕ್ಕ’ ಎಂದು ಕರೆಯುತ್ತಿದ್ದರು. ಬರಬರುತ್ತಾ ಎಲ್ಲರ ಬಾಯಲ್ಲೂ ಅದೇ ಹೆಸರಾಯಿತು.

ಈಗ ಹೊಸ ನಿರ್ದೇಶಕರು ಬಂದಿದ್ದರು. ಅಚ್ಚು ತೆಗೆಯುವ ಕೋಣೆ ಮುಚ್ಚಬೇಕು, ಹೊರಗಿನಿಂದ ಸಿದ್ಧ ಕಾಲುಗಳನ್ನು ತರಿಸಬೇಕು ಎನ್ನುವುದು ಅವರ ಯೋಜನೆ. ಸಣ್ಣದು, ನಡುವಿನದು, ದೊಡ್ಡದು. ಅಂಗಡಿಯಲ್ಲಿ ಅಂಗಿ ಕೊಂಡ ಹಾಗೆ!

ಅದನ್ನು ಚರ್ಚಿಸಲೆಂದೇ ಇವನನ್ನು ಕರೆಸಿದ್ದರು. ಆಸ್ಪತ್ರೆ, ಶಾಲೆ, ಕಾರ್ಖಾನೆಗಳಲ್ಲಿ ಸಭೆ ನಡೆಸಿಕೊಡುವುದೇ ಇವನ ವೃತ್ತಿ. ಮೊದಲು ಎಲ್ಲರೂ ಸದ್ದಿಲ್ಲದೆ ಚೀಟಿಯಲ್ಲಿ ಬರೆಯಬೇಕು, ಹೆಸರು ಹಾಕಬಾರದು. ಚೀಟಿಗಳು ಗೋಡೆಗೆ ಹತ್ತುತ್ತವೆ. ಆಮೇಲೆ ಸುತ್ತುಗಳು. ಒಂದು ಸುತ್ತಿನಲ್ಲಿ ಬರೀ ಒಳ್ಳೆಯದು, ಇನ್ನೊಂದರಲ್ಲಿ ಬರೀ ದೋಷ. ಪ್ರತಿಯೊಬ್ಬರೂ ಹೇಳಲೇಬೇಕು, ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ.

ಊಟದ ಬಿಡುವಿನ ಹೊತ್ತಿಗೆಲ್ಲ ಅವನಿಗೂ ಹೆಸರು ಬಿದ್ದಿತ್ತು. ‘ಗಂಟೆ ಮೇಷ್ಟ್ರು!’

ಇಟ್ಟವಳು ಯಾರು ಎಂದು ಬೇರೆ ಹೇಳಬೇಕೇ?

*

ಮರುದಿನ ಅವನು ಅವಳ ಕೋಣೆಯ ಬಾಗಿಲಲ್ಲಿ ನಿಂತಿದ್ದ.

"ಒಳಗೆ ಬರಬಹುದಾ?"

"ಗಂಟೆ ಹೊರಗಿಟ್ಟು ಬನ್ನಿ."

ಅವನು ನಿಜಕ್ಕೂ ಗಂಟೆಯನ್ನು ಚೀಲದಿಂದ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದ. ಅವಳಿಗೆ ನಗು ಬಂತು. ತೋರಿಸಲಿಲ್ಲ.

"ನೀವು ಮಾಡೋ ಕೆಲಸ ನೋಡದೆ ಅದರ ಬಗ್ಗೆ ಸಭೆ ನಡೆಸೋದು ನನಗೆ ಸರಿ ಅನ್ನಿಸಲಿಲ್ಲ," ಅಂದ. "ಅಚ್ಚು ಹೇಗೆ ತೆಗೀತೀರಿ? ನನ್ನ ಕಾಲಿಗೇ ತೆಗೆದು ತೋರಿಸಿ."

ಅವಳು ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಪ್ಯಾಂಟು ಮೊಣಕಾಲಿನವರೆಗೆ ಮಡಚಿಸಿದಳು. ಒದ್ದೆ ಪಟ್ಟಿಯನ್ನು ಮೀನಖಂಡಕ್ಕೆ ಸುತ್ತಿ ಎರಡೂ ಅಂಗೈಯಿಂದ ನಿಧಾನವಾಗಿ ಒತ್ತುತ್ತಾ ಹೋದಳು. ದಿನವೂ ಮಾಡುವ ಕೆಲಸವೇ. ಆದರೂ ಇವತ್ತು ಕೈ ಯಾಕೋ ಸ್ವಲ್ಪ ತಡೆದು ತಡೆದು ನಡೆಯಿತು.

"ಬೆಚ್ಚಗಾಗ್ತಿದೆ!" ಅವನು ಬೆರಗಾದ.

"ಗಟ್ಟಿಯಾಗುವಾಗ ಹಾಗೇ. ಅಲುಗಾಡಬೇಡಿ. ಮಾತೂ ಬೇಡ."

"ಓ... ಈಗ ನಿಮ್ಮ ಸರದಿ ಅನ್ನಿ."

ಅವನು ಸುಮ್ಮನಾದ. ಸುಮ್ಮನೆ ಕೂತು ಅವಳ ಕೈಗಳನ್ನೇ ನೋಡಿದ. ಆ ನೋಟಕ್ಕೆ ಅವಳ ಎದೆ ಎಲ್ಲೋ ಒಂದು ಕಡೆ ಜಗ್ಗಿತು.

"ಬೇರೆ ಕೆಲಸ ಸಿಗಲಿಲ್ವಾ ನಿಮಗೆ? ಜನರ ಬಾಯಿ ಮುಚ್ಚಿಸೋದೇ ಬೇಕಿತ್ತಾ?" ಅಚ್ಚು ಬಿಡಿಸುತ್ತಾ ಕೇಳಿದಳು.

"ಮುಚ್ಚಿಸೋಕಲ್ಲ, ತೆರೆಸೋಕೆ." ಅವನ ದನಿ ಇಳಿಯಿತು. "ನಮ್ಮನೇಲಿ ಅಪ್ಪ ಒಬ್ಬರೇ ಮಾತಾಡ್ತಿದ್ರು. ಊಟಕ್ಕೆ ಕೂತಾಗ ಅಮ್ಮ ಏನೋ ಹೇಳೋಕೆ ಬಾಯಿ ತೆರೀತಿದ್ಲು. ಅಷ್ಟರಲ್ಲಿ ಅಪ್ಪ ಶುರು ಮಾಡ್ತಿದ್ರು. ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋಗ್ತಿದ್ಲು. ಏನು ಹೇಳಬೇಕು ಅಂದ್ಕೊಂಡಿದ್ಲೋ... ಕೇಳೋ ಬುದ್ಧಿ ನನಗೆ ಬರೋ ಹೊತ್ತಿಗೆ ಅವಳೇ ಇರಲಿಲ್ಲ."

ಅವಳು ಅಚ್ಚನ್ನು ಮೇಜಿನ ಮೇಲಿಟ್ಟು, ಅವನ ಕಾಲಿಗಂಟಿದ್ದ ಪ್ಲಾಸ್ಟರನ್ನು ಒದ್ದೆ ಬಟ್ಟೆಯಿಂದ ಒರೆಸಿದಳು.

ಆಗ ಬಾಗಿಲು ದಡಾರನೆ ತೆರೆಯಿತು. ಏಳು ವರ್ಷದ ಹುಡುಗಿಯೊಬ್ಬಳು ಹಳೆಯ ಕಾಲಿನಲ್ಲಿ ಕುಪ್ಪಳಿಸುತ್ತಾ ಬಂದಳು. ಎಲ್ಲರೂ ಅವಳನ್ನು ಜಿಂಕೆ ಎನ್ನುತ್ತಿದ್ದರು.

"ಕಾಲಕ್ಕಾ, ಕಾಲು ಚಿಕ್ಕದಾಯ್ತು! ನಾನು ಬೆಳೆದೆ!"

"ಬೆಳೀಬೇಕು ಕಂದಾ. ನಿನ್ನ ಕೆಲಸವೇ ಅದು."

ಅವನು ಇಬ್ಬರನ್ನೂ ನೋಡುತ್ತಾ ನಿಂತ. ಹೋಗುವಾಗ ಗಂಟೆ ಮರೆತು ಹೋಗಿ, ತಿರುಗಿ ಬಂದು ತೆಗೆದುಕೊಂಡ.

ಆ ವಾರವೆಲ್ಲ ಅವನು ಏನಾದರೊಂದು ನೆಪ ಹಿಡಿದು ಆ ಕೋಣೆಗೆ ಬಂದ. ಅವಳೂ ಬೈಯುವ ನೆಪದಲ್ಲಿ ಕಾಯತೊಡಗಿದಳು.

*

ಎರಡನೇ ಸಭೆ. ಒಳ್ಳೆಯದನ್ನಷ್ಟೇ ಹೇಳುವ ಸುತ್ತು.

ಅವಳ ಸರದಿ ಬಂದಾಗ ಅವಳು ಹಲ್ಲು ಕಚ್ಚಿದಳು. ಆದರೆ ಅವನ ನಿಯಮವನ್ನು ಮೊದಲ ಸಲ ನಂಬಿದ್ದಳು. ಪ್ರಾಮಾಣಿಕವಾಗಿಯೇ ಹೇಳಿದಳು.

"ದೊಡ್ಡವರಿಗೆ ಕಾಲು ಬೇಗ ಸಿಗುತ್ತೆ. ಅವರು ಕಾಯಬೇಕಾಗಿಲ್ಲ. ಅದು ಒಳ್ಳೇದು."

ಅವನು ಅವಳನ್ನು ನೋಡಿ ಮೆಲ್ಲಗೆ ತಲೆಯಾಡಿಸಿದ. ‘ಇನ್ನು ದೋಷಗಳ ಸುತ್ತು. ಆಗ ಹೇಳಿ, ಎಲ್ಲವನ್ನೂ ಹೇಳಿ’ ಎನ್ನುವ ಹಾಗಿತ್ತು ಆ ನೋಟ.

ಅಷ್ಟರಲ್ಲಿ ನಿರ್ದೇಶಕರು ಕುರ್ಚಿ ಹಿಂದೆ ತಳ್ಳಿ ಎದ್ದರು.

"ಇವತ್ತಿಗೆ ಸಾಕು. ಎಲ್ಲರಿಗೂ ಕೆಲಸ ಇದೆ. ಮಿಕ್ಕಿದ್ದು ನಾಳೆ ನೋಡೋಣ."

ಅವಳು ಅವನತ್ತ ತಿರುಗಿದಳು. ‘ಬಾರಿಸು! ಈಗ ಬಾರಿಸು ಆ ಗಂಟೆ!’

ಅವನ ಕೈ ಗಂಟೆಯ ಮೇಲಿತ್ತು. ಒಂದು ಕ್ಷಣ... ಇನ್ನೊಂದು ಕ್ಷಣ...

"ಸರಿ ಸರ್. ನಾಳೆ," ಎಂದ.

ಆ ನಾಳೆ ಬರಲೇ ಇಲ್ಲ.

ಬೆಳಿಗ್ಗೆ ಅವಳು ಬರುವ ಹೊತ್ತಿಗೆ ನಿರ್ದೇಶಕರು ಸಿಬ್ಬಂದಿಯನ್ನೆಲ್ಲ ಪಡಸಾಲೆಯಲ್ಲಿ ನಿಲ್ಲಿಸಿಕೊಂಡು ಮಾತಾಡುತ್ತಿದ್ದರು.

"ಅಚ್ಚಿನ ಕೋಣೆ ಮುಚ್ಚೋದು ನನ್ನೊಬ್ಬನ ತೀರ್ಮಾನ ಅಲ್ಲ. ಸಭೆಯ ಒಮ್ಮತ! ಎಲ್ಲರೂ ಒಂದೊಂದು ಒಳ್ಳೆ ಮಾತು ಹೇಳಿದೀರಿ. ನಮ್ಮ ಕಾಲಕ್ಕನೇ ಮೆಚ್ಚಿಕೊಂಡಿದ್ದಾರೆ ಅಂದ್ಮೇಲೆ ಇನ್ನೇನು?"

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ!

ಅವಳು ನೇರವಾಗಿ ಸಭೆಯ ಕೋಣೆಗೆ ಓಡಿದಳು. ಅವನು ಗೋಡೆಯ ಮೇಲಿನ ಚೀಟಿಗಳನ್ನು ಸರಿಪಡಿಸುತ್ತಿದ್ದ.

"ಖುಷಿಯಾಯ್ತಾ?"

"ಏನು... ಏನಾಯ್ತು?"

"ನನ್ನ ಬಾಯಿಂದಲೇ ಹೊಗಳಿಸಿ ನನ್ನ ಮಕ್ಕಳ ಕಾಲು ಕಿತ್ತುಕೊಂಡ್ರಲ್ಲ! ಒಮ್ಮತ ಅಂತೆ, ಒಮ್ಮತ! ದೋಷ ಹೇಳೋ ಸರದಿ ಎಲ್ಲಿ ಹೋಯ್ತು? ನನ್ನ ಮಾತು ಅರ್ಧಕ್ಕೆ ನಿಲ್ಲಿಸೋಕೆ ಗಂಟೆ ಬರುತ್ತೆ. ಅವರು ಸಭೆಯನ್ನೇ ಅರ್ಧಕ್ಕೆ ನಿಲ್ಲಿಸಿದಾಗ ನಿಮ್ಮ ಗಂಟೆಗೆ ನಾಲಿಗೆ ಇರಲಿಲ್ವಾ?"

"ನಾನು ಹಾಗೆ..."

"ಅಮ್ಮನ ಕಥೆ ಬೇರೆ ಹೇಳಿದ್ರಿ! ನಾನೂ ಕರಗಿಬಿಟ್ಟೆ, ಹುಚ್ಚಿ! ನೀವು ಅವರ ಕಡೆಯವರು. ಮೊದಲಿಂದಲೂ ಅವರ ಕಡೆಯವರೇ!"

"ಒಂದು ನಿಮಿಷ ಕೇಳಿ..."

"ಕೇಳಿದ್ದು ಸಾಕು!"

ಅವನ ಮುಖ ಬಿಳಿಚಿಕೊಂಡಿತು. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡು ಬಾಗಿಲು ಬಡಿದುಕೊಂಡು ಹೊರನಡೆದಳು.

ಮರುದಿನ ಅವನು ಕಾಣಲಿಲ್ಲ. ಅದರ ಮರುದಿನವೂ ಇಲ್ಲ.

"ಅವರ ಕೆಲಸ ಮುಗೀತು, ಹೋದ್ರು," ಎಂದರು ನಿರ್ದೇಶಕರು.

ಹೋಗಲಿ, ಪೀಡೆ ತೊಲಗಿತು ಎಂದುಕೊಂಡಳು. ಎಂದುಕೊಂಡ ಮೇಲೆ ಕಿಟಕಿಯ ಕಟ್ಟೆಯತ್ತ ಯಾಕೆ ನೋಡಬೇಕಿತ್ತೋ... ಅವಳಿಗೇ ಗೊತ್ತಾಗಲಿಲ್ಲ.

ಮನೆಯಲ್ಲಿ ಅವಳು ಪಾತ್ರೆಗಳನ್ನು ದಡಬಡ ಜೋಡಿಸುವುದನ್ನು ನೋಡಿ ಸೋದರತ್ತೆ ವಿಷಯ ಕೇಳಿ ತಿಳಿದರು. ಅವಳನ್ನು ಸಾಕಿ ಬೆಳೆಸಿದ್ದೇ ಆ ಅತ್ತೆ.

"ಬೈದೆ, ಸರಿ. ಬೈಸ್ಕೊಳ್ಳೋ ಕೆಲಸವೇ ಮಾಡಿದಾನೆ. ಆದ್ರೆ ಉತ್ತರ ಹೇಳೋಕೆ ಬಿಟ್ಯಾ?"

"ಅವನ ಹತ್ರ ಉತ್ತರ ಎಲ್ಲಿತ್ತು?"

"ಬಿಡಲಿಲ್ಲ ಅನ್ನು. ಅವರಪ್ಪ ಮಾಡಿದ್ದನ್ನೇ ನೀನೂ ಮಾಡಿದೆ."

ಅವಳ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಆದರೂ ಸಿಟ್ಟು ಇಳಿಯಲಿಲ್ಲ. ತನ್ನದೂ ತಪ್ಪಿದೆ ಎಂದು ಗೊತ್ತಾದರೆ ಸಿಟ್ಟು ಇನ್ನೂ ಹೆಚ್ಚುವುದೇ ಅಲ್ಲವೇ?

*

ಸಿದ್ಧ ಕಾಲುಗಳು ಬಂದವು. ಜಿಂಕೆಗೆ ‘ನಡುವಿನ’ ಅಳತೆಯದನ್ನು ಹಾಕಿ ಕಳಿಸಿದರು.

ಕೆಲವೇ ದಿನಗಳಲ್ಲಿ ಅಮ್ಮನ ಸೊಂಟದ ಮೇಲೆ ಕೂತು ಬಂದಳು ಜಿಂಕೆ. ಕುಪ್ಪಳಿಸಿ ಬರುತ್ತಿದ್ದ ಮಗು! ಕಾಲು ಕಳಚಿ ನೋಡಿದರೆ ಚರ್ಮ ಉಜ್ಜಿ ಉಜ್ಜಿ ಕಿತ್ತುಬಂದಿತ್ತು.

"ಯಾಕೆ ಮೊದಲೇ ಬರಲಿಲ್ಲ?" ಎಂದಳು ಕಾಲಕ್ಕ.

"ಹೊಸದು ಹಾಗೇ ಇರುತ್ತೆ, ರೂಢಿ ಆಗುತ್ತೆ ಅಂದ್ರು ಆಫೀಸಿನೋರು," ಎಂದಳು ಆ ತಾಯಿ. "ಅತ್ರೆ ಬೈದುಬಿಟ್ಟೆ ಕಣಕ್ಕಾ ಇವಳಿಗೆ... ನಾನೇ ಬೈದೆ..."

ಜಿಂಕೆ ತಲೆ ಎತ್ತಿ ಕೇಳಿದಳು. "ಕಾಲಕ್ಕಾ, ನಾನು ಬೆಳೆದಿದ್ದು ತಪ್ಪಾ?"

ಕಾಲಕ್ಕ ಮಗುವನ್ನು ಎದೆಗವುಚಿಕೊಂಡಳು. ಗಾಯಕ್ಕೆ ಮದ್ದು ಹಚ್ಚಿದಳು. ಎದ್ದಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿಯಿತ್ತು.

ನೇರವಾಗಿ ಹೋದದ್ದು ಸಂಸ್ಥೆಯ ಅಧ್ಯಕ್ಷೆಯ ಬಳಿಗೆ. ವಯಸ್ಸಾದ ಶಸ್ತ್ರವೈದ್ಯೆ. ಮಾತು ಕಡಿಮೆ, ಕಣ್ಣು ಚುರುಕು.

"ನೀನೇ ಬರ್ತೀಯ ಅಂತ ಕಾಯ್ತಿದ್ದೆ," ಎಂದರು. "ಸಭೆಯ ಉಳಿದರ್ಧ ಮಾಡಿಸ್ತಿದೀನಿ. ಆ ಹುಡುಗ ಬಂದಿದ್ದ."

"ಯಾವ ಹುಡುಗ?"

"ನಿನ್ನ ಗಂಟೆ ಮೇಷ್ಟ್ರು. ನೀನು ಬೈದ ದಿನವೇ ನಿರ್ದೇಶಕರ ಹತ್ರ ಹೋಗಿ, ಅರ್ಧ ಸಭೆಯ ಮೇಲೆ ತೀರ್ಮಾನ ಮಾಡೋ ಹಾಗಿಲ್ಲ ಅಂದಿದಾನೆ. ಅವರು ಅವನನ್ನ ಗೇಟಿನ ಆಚೆ ಕಳಿಸಿ, ಮತ್ತೆ ಒಳಗೆ ಬಿಡಬೇಡಿ ಅಂದ್ರಂತೆ. ನಾನು ಊರಲ್ಲಿರಲಿಲ್ಲ. ಬಂದ ದಿನ ನಮ್ಮನೆ ಬಾಗಿಲಲ್ಲಿ ನಿಂತಿದ್ದ. ತಪ್ಪು ನಂದು, ಆ ದಿನ ಹೆದರಿದೆ ಅಂದ."

ಅವಳು ಕುರ್ಚಿಯ ತೋಳು ಹಿಡಿದುಕೊಂಡಳು.

"ಹಾಗಾದ್ರೆ ನೀನೇ ಬಂದು ಮುಗಿಸು ಅಂದೆ. ಒಪ್ಪಲಿಲ್ಲ. ಸಭೆ ನಡೆಸೋನು ಯಾರ ಕಡೆಗೂ ವಾಲಬಾರದು, ನಾನು ವಾಲಿಬಿಟ್ಟಿದೀನಿ ಅಂದ."

"ಯಾರ... ಯಾರ ಕಡೆಗೆ?"

"ಅದನ್ನೂ ನಾನೇ ಬಿಡಿಸಿ ಹೇಳಬೇಕಾ?" ಮುದುಕಿಯ ತುಟಿಯಂಚಿನಲ್ಲಿ ನಗು ಮಿಂಚಿ ಮಾಯವಾಯಿತು. "ನಾಳೆ ನೀನೇ ನಡೆಸು."

"ನಾನಾ?! ನನ್ನ ಅಭಿಪ್ರಾಯ ಗೋಡೆಗೂ ಗೊತ್ತು!"

"ಅದಕ್ಕೇ. ನಿಂದು ಎಲ್ಲರಿಗೂ ಗೊತ್ತು, ಮಿಕ್ಕವರದ್ದು ಯಾರಿಗೂ ಗೊತ್ತಿಲ್ಲ. ನಡೆಸೋರು ಅಭಿಪ್ರಾಯ ಹೇಳೋ ಹಾಗಿಲ್ಲ ತಾನೆ? ನೀನು ಸುಮ್ಮನಿದ್ರೆ ಯಾರ್ಯಾರು ಮಾತಾಡ್ತಾರೆ ನೋಡೋಣ. ನಾನು ಪಕ್ಕದಲ್ಲೇ ಕೂತಿರ್ತೀನಿ."

*

ಅವಳ ಜೀವನದಲ್ಲಿ ಅಷ್ಟು ಕಷ್ಟದ ದಿನ ಇನ್ನೊಂದಿರಲಿಲ್ಲ.

ಒಂದು ಬಿಡುವಿನ ಹೊತ್ತಿನಲ್ಲಿ ಅವನು ಹೇಳಿಕೊಟ್ಟಿದ್ದ ವಿಧಾನವನ್ನೇ ಹಿಡಿದಳು.

"ಒಂದು ವರ್ಷ ಕಳೆದಿದೆ ಅಂದ್ಕೊಳ್ಳಿ. ಈ ಯೋಜನೆ ನೆಲಕಚ್ಚಿದೆ. ಯಾಕೆ ಹಾಗಾಯ್ತು? ಎಲ್ಲರೂ ಬರೀಬೇಕು. ಹೆಸರು ಬೇಡ. ಮಾತು ಬೇಡ."

"ಇದೇನು ನಾಟಕ?" ನಿರ್ದೇಶಕರು ಸಿಡುಕಿದರು. "ಮುಗಿದುಹೋದ ವಿಷಯಾನ ಮತ್ತೆ..."

"ಸರ್, ಈಗ ಬರೆಯೋ ಹೊತ್ತು."

ಅಧ್ಯಕ್ಷೆ ತಮ್ಮ ಚೀಟಿಯಲ್ಲಿ ಆಗಲೇ ಬರೆಯತೊಡಗಿದ್ದರು. ನಿರ್ದೇಶಕರು ದುಮುಗುಡುತ್ತಾ ಪೆನ್ನು ತೆಗೆದರು.

ಚೀಟಿಗಳನ್ನು ಅವಳು ಓದಿದಳು. ಒಂದೊಂದೂ ಎದೆಗೆ ಇರಿದವು. ‘ಮಗು ನೋವು ಅಂತು, ನಾವು ರೂಢಿಯಾಗುತ್ತೆ ಅಂದೆವು.’ ‘ಹೊಂದದೆ ವಾಪಸ್ ಬಂದ ಕಾಲುಗಳು ಉಗ್ರಾಣದಲ್ಲಿ ರಾಶಿ ಬಿದ್ದವು.’ ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿದಳು. ಮತ್ತೆ ಬಂತು, ಮತ್ತೆ ನುಂಗಿದಳು.

ಆಮೇಲೆ ಮಾತಿನ ಸುತ್ತು. ಮಕ್ಕಳಿಗೆ ನಡಿಗೆ ಕಲಿಸುವ ಹುಡುಗಿ ಇದುವರೆಗೆ ಯಾವ ಸಭೆಯಲ್ಲೂ ತಾನಾಗಿ ಬಾಯಿ ತೆರೆದವಳಲ್ಲ. ಎದ್ದು ನಿಂತಳು.

"ಹೊಸ ಕಾಲು ಬಂದ್ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಅಭ್ಯಾಸಕ್ಕೆ ಬರೋದನ್ನೇ ಬಿಟ್ರು. ನಾನು ನೋಡ್ತಾನೇ ಇದ್ದೆ. ಅಕ್ಕ ಹೇಗೂ ಹೇಳ್ತಾರೆ, ನಂದೇನು ಅಂತ ಸುಮ್ಮನಿದ್ದೆ."

ಆ ಮಾತು ಕಾಲಕ್ಕನಿಗೆ ಚುರುಕ್ಕೆಂದಿತು. ‘ನಾನೇ ಎಲ್ಲರ ಪರವಾಗಿ ಮಾತಾಡ್ತೀನಿ ಅಂದ್ಕೊಂಡಿದ್ದೆ. ಎಲ್ಲರ ಸರದಿಯನ್ನೂ ನಾನೇ ತಿಂದುಬಿಟ್ಟಿದ್ದೆನಾ...’

ಕೊನೆಗೆ ನಿರ್ದೇಶಕರ ಸರದಿ.

"ಯೋಜನೆ ತಂದವರೂ ಒಂದು ದೋಷ ಹೇಳಬೇಕು ಸರ್."

ಎಲ್ಲರೂ ಅವರತ್ತ ತಿರುಗಿದರು. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಆ ಮಕ್ಕಳನ್ನ ನಾನು... ನೋಡೋಕೆ ಹೋಗಿರಲಿಲ್ಲ," ಎಂದರು, ಮೇಜಿಗೆ ಹೇಳುವ ಹಾಗೆ.

ದೊಡ್ಡವರಿಗೆ ಹೊಂದುವುದಾದರೆ ಸಿದ್ಧ ಕಾಲು, ಮಕ್ಕಳಿಗೆ ಮಾತ್ರ ಅಚ್ಚು ತೆಗೆದೇ ಮಾಡಬೇಕು ಎಂದು ತೀರ್ಮಾನವಾಯಿತು. ಈ ಸಲ ಪ್ರತಿಯೊಬ್ಬರೂ ಬಾಯಿ ಬಿಟ್ಟು ಒಪ್ಪಿದರು.

"ಇನ್ನೊಂದು ಬಾಕಿ ಇದೆ," ಎಂದರು ಅಧ್ಯಕ್ಷೆ, ನಿರ್ದೇಶಕರತ್ತ ತಿರುಗಿ. "ಆ ಮಗುವಿನ ತಾಯಿ ಹೊರಗೆ ಕೂತಿದಾಳೆ. ಹೋಗಿ ಕ್ಷಮೆ ಕೇಳಿ. ನನ್ನ ಮುಂದೆ ಅಲ್ಲ, ಅವಳ ಮುಂದೆ."

ಅವರು ಹೋದರು. ಕೇಳಿದರು ಕೂಡ. ಆದರೂ ಕಾಲಕ್ಕನ ಸಿಟ್ಟು ತಣ್ಣಗಾಗಲಿಲ್ಲ. ಒಂದು ಕ್ಷಮೆಗೆ ಚರ್ಮ ಬೆಳೆಯುತ್ತದೆಯೇ? ಅವತ್ತೇ ಜಿಂಕೆಯ ಗಾಯಕ್ಕೆ ಪಟ್ಟಿ ಬದಲಿಸಿ, ವಾಸಿಯಾದ ದಿನವೇ ಅಚ್ಚು ತೆಗೆಯುವುದಾಗಿ ಮಾತು ಕೊಟ್ಟಳು.

*

ಇನ್ನೊಂದು ಸಿಟ್ಟು ಉಳಿದಿತ್ತು.

ಅವನು ಶಾಲೆಯೊಂದರಲ್ಲಿ ಮೇಷ್ಟ್ರುಗಳ ಸಭೆ ನಡೆಸುತ್ತಿದ್ದಾನೆ ಎಂದು ಅಧ್ಯಕ್ಷೆಯೇ ಹೇಳಿದ್ದರು. ಸಂಜೆ ಅವನು ಗೇಟು ದಾಟಿ ಬರುವಾಗ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಏನ್ರೀ! ಹೇಳಬೇಕಾದ್ದನ್ನ ಅಧ್ಯಕ್ಷರಿಗೆ ಹೇಳ್ತೀರಿ, ನನಗೆ ಹೇಳಲ್ಲ! ನಾನು ಬೇರೆಯವರ ಬಾಯಿಂದ ಕೇಳಬೇಕಾ? ನಾಚಿಕೆ ಆಗಲ್ವಾ ನಿಮಗೆ?"

"ನೀವು..." ಅವನು ತಡವರಿಸಿದ. "ನೀವು ಹೇಳೋಕೆ ಬಿಟ್ರೆ ತಾನೆ?"

ಅವಳು ಬಾಯಿ ತೆರೆದಳು. ಮುಚ್ಚಿದಳು. ಶಾಲೆಯ ಕಾಂಪೌಂಡಿನ ಕಟ್ಟೆಯ ಮೇಲೆ ಕೂತಳು.

"ಸರಿ. ಹೇಳಿ. ನಾನು ಮಾತಾಡಲ್ಲ."

ಅವನು ಪಕ್ಕದಲ್ಲಿ ಕೂತ. ರಸ್ತೆಯಲ್ಲಿ ಸೈಕಲ್ಲೊಂದು ಹೋಯಿತು. ಎದುರಿನ ಅಂಗಡಿಯವನು ದೀಪ ಹಾಕಿದ. ಅವಳು ಕಾದಳು. ನಿಜಕ್ಕೂ ಕಾದಳು!

"ಆ ದಿನ ಹೆದರಿದೆ," ಎಂದ ಕೊನೆಗೆ. "ದೊಡ್ಡವರು ಎದ್ದು ನಿಂತ ತಕ್ಷಣ ನನ್ನ ಕೈ ಸೋತುಹೋಯ್ತು. ಚಿಕ್ಕಂದಿನಿಂದ ಹಾಗೇ. ನೀವು ಬೈದದ್ದು ಸರಿ. ನಾನು ಅವರ ಕಡೆಯವನು ಅಂದಿರಲ್ಲ, ಅದೊಂದು ಮಾತ್ರ ಸುಳ್ಳು."

"ಮತ್ತೆ... ಯಾರ ಕಡೆ?"

"ಮಾತಾಡಲ್ಲ ಅಂದಿದ್ರಿ."

"ಬೇಗ ಹೇಳ್ರೀ!"

"ನಿಮ್ಮ ಕಡೆ. ಮೂರನೇ ಕ್ಲಾಸಿನ ಮಕ್ಕಳಾ ಅಂತ ಕೇಳಿದ್ರಲ್ಲ, ಆವತ್ತಿಂದ. ನನಗೆ ನೀವಂದ್ರೆ ತುಂಬಾ ಇಷ್ಟ. ಬೈದ್ರೂ ಇಷ್ಟ."

ಅವಳ ಕಣ್ಣು ತುಂಬಿ ಬಂತು. ಅದಕ್ಕೂ ಸಿಟ್ಟು ಬಂತು. ಸೆರಗಿನಿಂದ ಒರಟಾಗಿ ಒರೆಸಿಕೊಂಡಳು.

"ನಿಮ್ಮ ಮಾತು ಕೇಳದೆ ಬಾಗಿಲು ಬಡಿದು ಹೋದೆ. ಅದು ನನ್ನ ತಪ್ಪು. ಒಂದೇ ಸಲ ಹೇಳ್ತೀನಿ, ಇನ್ನೊಂದು ಸಲ ಕೇಳಬೇಡಿ."

"ಕೇಳಲ್ಲ."

"ಮತ್ತೆ... ನನಗೂ ಹಾಗೇ."

"ಹಾಗೇ ಅಂದ್ರೆ?"

"ಅಂದ್ರೆ ನನಗೂ ಇಷ್ಟ! ಎಲ್ಲಾ ಬಿಡಿಸಿ ಹೇಳಬೇಕಾ ನಿಮಗೆ?"

ಅವನು ನಕ್ಕ. ಅವಳ ಕೈಯನ್ನು ಮೆಲ್ಲಗೆ ತನ್ನ ಕೈಗೆ ತೆಗೆದುಕೊಂಡ. ಪ್ಲಾಸ್ಟರಿನಿಂದ ಒರಟಾದ ಬೆರಳುಗಳು. ಅವಳು ಬಿಡಿಸಿಕೊಳ್ಳಲಿಲ್ಲ.

"ಸಿಟ್ಟು ಹೋಯ್ತಾ?"

"ಪೂರ್ತಿ ಇಲ್ಲ."

"ಇನ್ನೂ ಎಷ್ಟಿದೆ?"

"ನಡೆದುಕೊಂಡು ಮನೆ ಮುಟ್ಟೋವಷ್ಟು."

"ನಿಮ್ಮನೆ ದೂರಾನಾ?"

"ಹತ್ತಿರದ ದಾರಿ ಒಂದಿದೆ..." ಅವಳು ಎದ್ದು ನಿಂತಳು, ಕೈ ಬಿಡದೆ. "ಅದರಲ್ಲಿ ಹೋಗೋದು ಬೇಡ."